ಬೀರುವಿನ ಕ್ಯಾಮೆರಾ ಕೈಗೆ ಬಂದಾಗ: ಓದುಗರ ಪ್ರಶ್ನೆ, ನನ್ನ ಉತ್ತರ

ಕಳೆದ ಸಂಚಿಕೆಯಲ್ಲಿ ನನ್ನ ನಿಕಾನ್ ಎಫ್3 ಫಿಲಂ ಕ್ಯಾಮೆರಾ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಪತ್ರಿಕೆಗೆ ಫೋಟೋ ತೆಗೆಯುತ್ತಿದ್ದ ದಿನಗಳಲ್ಲಿ, 1991ರಲ್ಲಿ, ಸೆಕೆಂಡ್ ಹ್ಯಾಂಡ್ ಕೊಂಡ ಕ್ಯಾಮೆರಾ ಅದು. ಆಗಿನ ಆರು ತಿಂಗಳ ಸಂಬಳ ಅದಕ್ಕೇ ಹೋಯಿತು. ನಿವೃತ್ತಿಯಾಗಿ ಸಾಗರಕ್ಕೆ ಬಂದ ಮೇಲೂ ತಿಂಗಳಿಗೊಂದು ರೀಲು ಅದರಲ್ಲಿ ಓಡಿಸುತ್ತೇನೆ ಎಂದು ಬರೆದಿದ್ದೆ, ಅಷ್ಟೇ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಎಂದುಕೊಂಡಿರಲಿಲ್ಲ. ಎಷ್ಟೋ ಮನೆಗಳ ಬೀರುವಿನಲ್ಲಿ ಅಪ್ಪನದೋ ಮಾವನದೋ ಕ್ಯಾಮೆರಾ ಟವೆಲ್ ಸುತ್ತಿಕೊಂಡು ಕೂತಿದೆ ಎಂದು ಈಗ ಗೊತ್ತಾಯಿತು. ಅವು ಹೊರಗೆ ಬರಲಿ ಎಂಬುದೇ ನನ್ನ ಆಸೆ. ಹೆಚ್ಚಿನವರು ಕೇಳಿದ್ದು ಎಫ್3 ಬಗ್ಗೆಯೇ. ಹಾಗಾಗಿ ಈ ಸಲ ಪೂರ್ತಿ ಅದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ಅಪ್ಪ ಸ್ಟುಡಿಯೋ ನಡೆಸುತ್ತಿದ್ದರು. ಅವರ ಎಫ್3 ಹದಿನೈದು ವರ್ಷದಿಂದ ಸುಮ್ನೆ ಇತ್ತು. ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ಹಾಳಾಗಿದೆಯಾ? (ಪುತ್ತೂರು)

ಇಷ್ಟು ಬೇಗ ಕೈಬಿಡಬೇಡಿ. ಬಟನ್ ಒತ್ತಿದಾಗ ತೆರೆದು ಫಿಲಂ ಮೇಲೆ ಬೆಳಕು ಬಿಡುವ ಪರದೆಯೇ ಶಟರ್. ಎಫ್3ರಲ್ಲಿ ಅದು ಬ್ಯಾಟರಿಯಿಂದ ಓಡುತ್ತದೆ. ಬ್ಯಾಟರಿ ಸತ್ತಿದ್ದರೆ ಮಾಮೂಲಿ ಬಟನ್ ಕೆಲಸ ಮಾಡುವುದಿಲ್ಲ. ಆದರೆ ಮುಂದುಗಡೆ, ಲೆನ್ಸ್ ಪಕ್ಕದಲ್ಲಿ, ಒಂದು ಪುಟ್ಟ ಲಿವರ್ ಇದೆ. ಫಿಲಂ ಮುಂದಕ್ಕೆ ಸರಿಸುವ ಲಿವರನ್ನು ಒಮ್ಮೆ ಪೂರ್ತಿ ಎಳೆದು, ಆ ಪುಟ್ಟ ಲಿವರನ್ನು ಹೊರಗೆ ಬಿಡಿಸಿ ಕೆಳಕ್ಕೆ ಒತ್ತಿ. ಬ್ಯಾಟರಿ ಇಲ್ಲದೆಯೂ ಶಟರ್ ಬೀಳಬೇಕು. ವೇಗ ಸುಮಾರು 1/60 ಸೆಕೆಂಡ್, ಅದೊಂದೇ. ಆ 'ಟಕ್' ಕೇಳಿತೇ? ಹಾಗಾದರೆ ಒಳಗಿನ ಯಂತ್ರ ಜೀವಂತ ಇದೆ.

ಈಗ ಕ್ಯಾಮೆರಾದ ತಳ ನೋಡಿ. ಬ್ಯಾಟರಿ ಮುಚ್ಚಳವನ್ನು ಒಂದು ರೂಪಾಯಿ ನಾಣ್ಯದಿಂದ ತಿರುಗಿಸಿ ತೆಗೆಯಿರಿ. ಒಳಗೆ ಬಿಳಿ ಪುಡಿಯೋ ಹಸಿರು ಕಿಲುಬೋ ಇದ್ದರೆ ಹಳೇ ಬ್ಯಾಟರಿ ಸೋರಿದೆ ಎಂದರ್ಥ. ಕಿವಿ ಕಡ್ಡಿಯ ಹತ್ತಿಗೆ ಒಂದೇ ತೊಟ್ಟು ವಿನೆಗರ್ ತಾಗಿಸಿ ಉಜ್ಜಿ. ಕ್ಯಾಮೆರಾ ತಲೆಕೆಳಗಾಗಿಯೇ ಇರಲಿ, ಆದರೆ ತೊಟ್ಟು ಒಳಗೆ ಇಳಿಯಬಾರದು. ಆಮೇಲೆ ಸ್ಪಿರಿಟ್ ತಾಗಿಸಿದ ಹತ್ತಿಯಿಂದ ಒರೆಸಿ, ಒಂದು ರಾತ್ರಿ ಒಣಗಲು ಬಿಡಿ. ಎರಡು ಎಸ್‌ಆರ್44 ಬಟನ್ ಸೆಲ್ ಹಾಕಿ. ಎಲ್‌ಆರ್44 ಕೂಡ ಆಗುತ್ತದೆ. ಆದರೆ ಅದರ ವೋಲ್ಟೇಜ್ ಬಳಸುತ್ತಾ ಇಳಿಯುತ್ತದೆ. ಎಸ್‌ಆರ್44 ಕೊನೆಯವರೆಗೂ ಒಂದೇ ಸಮ ನಿಲ್ಲುತ್ತದೆ.

ಇನ್ನೊಂದು ವಿಷಯ. ತುಂಬಾ ಜನ ಇಲ್ಲೇ ಗಾಬರಿಯಾಗುತ್ತಾರೆ. ಹಿಂಬದಿ ಬಾಗಿಲು ತೆರೆದಿಟ್ಟು ಶಟರ್ ಪರೀಕ್ಷೆ ಮಾಡುತ್ತಾರೆ. ಎಲ್ಲ ವೇಗಕ್ಕೂ ಒಂದೇ ಸದ್ದು ಬರುತ್ತದೆ. 'ಎಲೆಕ್ಟ್ರಾನಿಕ್ಸ್ ಹೋಗಿದೆ' ಎಂದುಕೊಳ್ಳುತ್ತಾರೆ. ಹೋಗಿಲ್ಲ. ಎಷ್ಟನೇ ಫೋಟೋ ಎಂದು ತೋರಿಸುವ ಕೌಂಟರ್ 1ಕ್ಕೆ ಬರುವವರೆಗೂ ಈ ಕ್ಯಾಮೆರಾ ಯಾವ ವೇಗ ಇಟ್ಟರೂ 1/80ರಲ್ಲೇ ಹೊಡೆಯುತ್ತದೆ. ಅದರ ರಚನೆಯೇ ಹಾಗೆ. ಬಾಗಿಲು ಮುಚ್ಚಿ, ಮೂರ್ನಾಲ್ಕು ಸಲ ಲಿವರ್ ಎಳೆದು ಒತ್ತಿ, ಕೌಂಟರ್ 1 ದಾಟಲಿ. ಆಮೇಲೆ ಒಂದು ಸೆಕೆಂಡಿಗೆ ಇಟ್ಟು ಒತ್ತಿ ನೋಡಿ. ಕಿವಿಗೇ ತಿಳಿಯುತ್ತದೆ.

ಸರಿ ಹೋದ ಮೇಲೆ ಮತ್ತೆ ಬೀರುವಿಗೆ ಇಡಬೇಡಿ. ಹದಿನೈದು ವರ್ಷ ಕೂತ ಯಂತ್ರ ಅದು, ಓಡಾಡಬೇಕು. ವಾರಕ್ಕೊಮ್ಮೆ ಇಪ್ಪತ್ತು ಸಲ ಎಳೆದು ಒತ್ತಿ, ಎಲ್ಲ ವೇಗದಲ್ಲೂ. ಲೆನ್ಸಿನ ರಿಂಗುಗಳನ್ನೂ ಆ ತುದಿಯಿಂದ ಈ ತುದಿಗೆ ತಿರುಗಿಸಿ.

ಪ್ರಶ್ನೆ: ಮೊದಲ ಸಲ ಫಿಲಂ ಕ್ಯಾಮೆರಾ ಕೊಳ್ಳುತ್ತಿದ್ದೇನೆ. ಎಫ್3 ತಗೊಳ್ಳಲಾ, ಎಫ್‌ಎಂ2 ತಗೊಳ್ಳಲಾ? ಸೆಕೆಂಡ್ ಹ್ಯಾಂಡ್ ನೋಡುವಾಗ ಏನು ನೋಡಬೇಕು? (ಹುಬ್ಬಳ್ಳಿ)

ಎಫ್‌ಎಂ2 ಕೂಡ ನಿಕಾನ್ ಕಂಪನಿಯದೇ, ಬಂದಿದ್ದು 1982ರಲ್ಲಿ. ಪೂರ್ತಿ ಯಾಂತ್ರಿಕ. ಬ್ಯಾಟರಿ ಬೇಕಿರುವುದು ಬೆಳಕು ಅಳೆಯುವ ಮೀಟರಿಗೆ ಮಾತ್ರ. ಶಟರ್ 1/4000ವರೆಗೂ ಹೋಗುತ್ತದೆ. ಹಗುರ. ಗಟ್ಟಿ. ಬೆಟ್ಟ ಹತ್ತುವವರಿಗೆ ನಾನು ಅದನ್ನೇ ಹೇಳುತ್ತೇನೆ.

ಆದರೂ ನನ್ನ ಮನಸ್ಸು ಎಫ್3 ಕಡೆಗೇ. 1980ರಲ್ಲಿ ಬಂದು 2001ರವರೆಗೆ ತಯಾರಾಯಿತು. ಇದರ ಮುಂದಿನ ಮಾದರಿ ಎಫ್4 ಬಂದು ಹೋದ ಮೇಲೂ ಎಫ್3 ಮಾರಾಟದಲ್ಲಿತ್ತು. ಕಾರುಗಳ ವಿನ್ಯಾಸಕ್ಕೆ ಹೆಸರಾದ ಇಟಲಿಯ ಜೋರ್ಜೆಟ್ಟೋ ಜುಜಾರೋ ಇದರ ಮೈಕಟ್ಟು ರೂಪಿಸಿದವರು. ನಿಕಾನ್ ಕ್ಯಾಮೆರಾಗಳ ಹಿಡಿಯಲ್ಲಿ ಈಗಲೂ ಕಾಣುವ ಆ ಕೆಂಪು ಗೆರೆ ಶುರುವಾಗಿದ್ದು ಇಲ್ಲಿಂದಲೇ. ಆದರೆ ನನಗೆ ಅದಕ್ಕಿಂತ ಮುಖ್ಯವಾದದ್ದು ಫಿಲಂ ಲಿವರ್. ಬೆರಳ ತುದಿಯಲ್ಲಿ ಎಳೆಯಿರಿ. ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಹೋಗುತ್ತದೆ. ಒಳಗೆ ಬಾಲ್ ಬೇರಿಂಗ್ ಇದೆ. ಮತ್ತೆ ಕಣ್ಣಿಟ್ಟು ನೋಡುವ ಕಿಂಡಿ, ವ್ಯೂಫೈಂಡರ್. ಅದರಲ್ಲಿ ಏನು ಕಾಣುತ್ತದೋ ಅಷ್ಟೂ ಫಿಲಂ ಮೇಲೆ ಬೀಳುತ್ತದೆ, ಕೂದಲೆಳೆ ಹೆಚ್ಚಿಲ್ಲ, ಕಡಿಮೆ ಇಲ್ಲ. ಕನ್ನಡಕ ಹಾಕುವವರಾದರೆ ಎಚ್‌ಪಿ ಎಂದು ಬರೆದಿರುವ ಮಾದರಿ ನೋಡಿ. ಕಣ್ಣು ಸ್ವಲ್ಪ ದೂರವಿದ್ದರೂ ಪೂರ್ತಿ ಚೌಕಟ್ಟು ಕಾಣುತ್ತದೆ. ನನ್ನದು ಅದೇ.

ಕೊಳ್ಳುವಾಗ ಮೊದಲು ತಳ ನೋಡಿ. ಫಿಲಂ ತಾನಾಗಿ ಎಳೆಯುವ ಮೋಟರ್ ಡ್ರೈವ್ ಕೂರಿಸಲು ಅಲ್ಲಿ ಒಂದು ತೂತು ಇದೆ. ಅದಕ್ಕೆ ಗುಂಡಿಯಷ್ಟು ಚಿಕ್ಕ ಮುಚ್ಚಳ. ಮೋಟರ್ ಹಾಕುವಾಗ ಅದನ್ನು ತೆಗೆದು ಎಲ್ಲೋ ಇಟ್ಟು ಕಳೆದುಕೊಂಡವರು ಬಹಳ. ಅದಿಲ್ಲದಿದ್ದರೆ ಫಿಲಂ ಇರುವ ಜಾಗಕ್ಕೆ ಬೆಳಕು ಸೋರಬಹುದು. ಆಮೇಲೆ ಹಿಂಬದಿ ತೆರೆದು ಶಟರ್ ಪರದೆ ನೋಡಿ. ಕಾಗದದಂಥ ತೆಳು ಟೈಟಾನಿಯಂ ಹಾಳೆ ಅದು. ಬೆರಳು ತಾಗಿಸಬೇಡಿ. ಕಣ್ಣಲ್ಲೇ ನೋಡಿ, ನೆಗ್ಗಿದೆಯಾ ಎಂದು. ಲೆನ್ಸ್ ತೆಗೆದು ಕನ್ನಡಿಯ ಮೇಲಿನ ಫೋಮ್ ಪಟ್ಟಿ ನೋಡಿ. ಹಳೇ ಫೋಮ್ ಬೆಲ್ಲದ ಪಾಕದ ಹಾಗೆ ಅಂಟಾಗುತ್ತದೆ, ಕನ್ನಡಿಯನ್ನೇ ಹಿಡಿದುಕೊಳ್ಳುತ್ತದೆ. ಇದು ದೊಡ್ಡ ರಿಪೇರಿಯಲ್ಲ, ಬದಲಾಯಿಸಬಹುದು. ಕೊನೆಗೆ ವ್ಯೂಫೈಂಡರಿನಲ್ಲಿ ಅಂಕಿ ತೋರಿಸುವ ಎಲ್‌ಸಿಡಿ. ಅಂಕಿ ಮಸುಕಾಗಿದ್ದರೆ, ಕಪ್ಪು ಕಲೆ ಹರಡಿದ್ದರೆ, ಬೆಲೆ ಇಳಿಸಿ ಕೇಳಿ. ಆ ಭಾಗ ಹೊಸದಾಗಿ ಸಿಗುವುದು ಕಷ್ಟ.

ಮೈ ಮೇಲೆ ಕಪ್ಪು ಬಣ್ಣ ಹೋಗಿ ಹಿತ್ತಾಳೆ ಕಂಡರೆ ಹಿಂಜರಿಯಬೇಡಿ. ದುಡಿದ ಕ್ಯಾಮೆರಾ ಅದು. ಹೊಳೆಯುವ ಮೈಯ, ಮೂವತ್ತು ವರ್ಷ ಡಬ್ಬದಲ್ಲೇ ಇದ್ದ ಕ್ಯಾಮೆರಾಗಿಂತ ದಿನಾ ಓಡಿದ ಇದು ಎಷ್ಟೋ ಮೇಲು.

ಪ್ರಶ್ನೆ: ಎರಡು ರೀಲು ತೆಗೆದೆ. ಎರಡೂ ಖಾಲಿ ಬಂದವು. ತೊಳೆದವರು 'ಫಿಲಂ ಮುಂದಕ್ಕೇ ಹೋಗಿಲ್ಲ' ಎನ್ನುತ್ತಾರೆ. (ಹಾಸನ)

ನಿಮ್ಮ ಪತ್ರ ಓದಿ ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು. ನನಗೂ ಹೀಗಾಗಿದೆ, ಅದೂ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ. ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆ. ದೇವಿ ರಥ ಏರುವ ಹೊತ್ತು. ಜನ ಹೆಗಲಿಗೆ ಹೆಗಲು. ರೀಲು ಮುಗಿಯಿತು. ಅವಸರದಲ್ಲಿ ಹೊಸದು ತುರುಕಿ ಬಾಗಿಲು ಮುಚ್ಚಿದೆ. ರಥ ಹೊರಟಿತು. ತೆಗೆದೆ, ತೆಗೆದೆ. ಕೌಂಟರ್ 36 ದಾಟಿತು. ಲಿವರ್ ಇನ್ನೂ ಸಲೀಸಾಗಿ ತಿರುಗುತ್ತಲೇ ಇದೆ. ಆಗ ಗೊತ್ತಾಯಿತು. ಆ ರಥದ ಒಂದೇ ಒಂದು ಫೋಟೋ ನನ್ನ ಹತ್ತಿರ ಇಲ್ಲ. ಮುಂದಿನ ಜಾತ್ರೆಗೆ ಎರಡು ವರ್ಷ ಕಾದೆ.

ಅಂದಿನಿಂದ ಒಂದು ಅಭ್ಯಾಸ ತಪ್ಪಿಸಿಲ್ಲ. ಫಿಲಂ ತುದಿಯನ್ನು ಬಲಗಡೆಯ ಸ್ಪೂಲಿನ ಸೀಳಿಗೆ ಸಿಕ್ಕಿಸಿ. ಬಾಗಿಲು ತೆರೆದೇ ಇರಲಿ, ಒಂದು ಸಲ ಲಿವರ್ ಎಳೆಯಿರಿ. ಫಿಲಂನ ಎರಡೂ ಅಂಚಿನ ತೂತುಗಳು ಹಲ್ಲುಗಳಿಗೆ ಕೂತಿವೆಯಾ ನೋಡಿ. ಒಂದೇ ಅಂಚು ಕೂತರೆ ಸಾಲದು. ಈಗ ಬಾಗಿಲು ಮುಚ್ಚಿ. ಎಡಗಡೆಯ ಗುಬ್ಬಿಯಲ್ಲಿ ಮಡಚಿಟ್ಟ ರಿವೈಂಡ್ ಕ್ರ್ಯಾಂಕ್ (ಫಿಲಂ ಹಿಂದಕ್ಕೆ ಸುತ್ತುವ ಹಿಡಿಕೆ) ಬಿಡಿಸಿ, ಬಾಣದ ದಿಕ್ಕಿಗೆ ಮೆಲ್ಲಗೆ ತಿರುಗಿಸಿ. ಸ್ವಲ್ಪ ತಿರುಗಿ ಬಿಗಿಯಾಗುತ್ತದೆ. ಅಲ್ಲೇ ನಿಲ್ಲಿಸಿ. ಡಬ್ಬಿಯೊಳಗಿನ ಸಡಿಲ ಹೋಯಿತು. ಈಗ ಲಿವರ್ ಎಳೆಯುತ್ತಾ ಕಣ್ಣನ್ನು ಆ ಎಡಗಡೆಯ ಗುಬ್ಬಿಯ ಮೇಲೇ ಇಡಿ. ಪ್ರತಿ ಸಲವೂ ಗುಬ್ಬಿ ಹಿಮ್ಮುಖವಾಗಿ ತಿರುಗಬೇಕು. ತಿರುಗಿದರೆ ಫಿಲಂ ಓಡುತ್ತಿದೆ. ತಿರುಗದಿದ್ದರೆ ಮತ್ತೆ ಬಾಗಿಲು ತೆರೆದು ಮೊದಲಿಂದ ಹಾಕಿ.

ಕೌಂಟರನ್ನು ಮಾತ್ರ ನಂಬಬೇಡಿ. ಫಿಲಂ ಇಲ್ಲದಿದ್ದರೂ ಅದು ಎಣಿಸುತ್ತಲೇ ಇರುತ್ತದೆ. ಗುಬ್ಬಿ ಸುಳ್ಳು ಹೇಳುವುದಿಲ್ಲ.

ಪ್ರಶ್ನೆ: ಲೆನ್ಸ್ ಒಳಗೆ ಜೇಡರ ಬಲೆಯ ಹಾಗೆ ಏನೋ ಕಾಣುತ್ತಿದೆ. (ಮಡಿಕೇರಿ)

ಬೂಷ್ಟು. ನಮ್ಮ ಕಡೆ, ನಿಮ್ಮ ಕಡೆ, ಕರಾವಳಿ ಕಡೆ, ಮಳೆಗಾಲದ ನಾಲ್ಕು ತಿಂಗಳು ಕ್ಯಾಮೆರಾಗೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ. ಕತ್ತಲೆ ಕೋಣೆಯಲ್ಲಿ ಲೆನ್ಸಿನ ಹಿಂದೆ ಟಾರ್ಚ್ ಹಿಡಿದು, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಹಾಯುವ ಕಂಡಿ) ಪೂರ್ತಿ ತೆರೆದು ಓರೆಯಾಗಿ ನೋಡಿ. ಧೂಳಾದರೆ ಚುಕ್ಕೆ ಚುಕ್ಕೆ. ಬೂಷ್ಟಾದರೆ ಒಂದು ಬಿಂದುವಿನಿಂದ ಎಳೆಎಳೆಯಾಗಿ, ಕವಲೊಡೆದು ಹರಡಿರುತ್ತದೆ. ನಿಮ್ಮ ವಿವರಣೆ ಅದಕ್ಕೇ ಸರಿ ಹೊಂದುತ್ತದೆ.

ಅಂಚಿನಲ್ಲಿ ನಾಲ್ಕು ಎಳೆ ಇದ್ದರೆ ಫೋಟೋದಲ್ಲಿ ಗೊತ್ತೇ ಆಗುವುದಿಲ್ಲ. ನಡುವೆ ದಟ್ಟವಾಗಿದ್ದರೆ ಬೆಳಕಿಗೆ ಎದುರಾಗಿ ತೆಗೆದ ಫೋಟೋಗಳು ಮಬ್ಬಾಗುತ್ತವೆ. ಬಲ್ಲವರ ಹತ್ತಿರ ಬಿಚ್ಚಿಸಿ ಒರೆಸಿಸಿ. ಬೇಗ ಮಾಡಿಸಿ. ತಡವಾದರೆ ಬೂಷ್ಟು ಗಾಜಿನ ಮೇಲಿನ ಲೇಪವನ್ನು ತಿಂದುಹಾಕುತ್ತದೆ. ಆಮೇಲೆ ಒರೆಸಿದರೂ ಕಲೆ ಹೋಗುವುದಿಲ್ಲ. ನೀವೇ ಬಿಚ್ಚಲು ಹೋಗಬೇಡಿ. 'ಬಿಸಿಲಿಗಿಟ್ಟರೆ ಹೋಗುತ್ತೆ' ಎಂದು ಹೇಳುವವರಿದ್ದಾರೆ. ಬಿಸಿಲಿನಿಂದ ಬೆಳವಣಿಗೆ ನಿಲ್ಲಬಹುದು, ಎಳೆ ಮಾಯವಾಗುವುದಿಲ್ಲ.

ಬರದ ಹಾಗೆ ನೋಡಿಕೊಳ್ಳುವುದೇ ಸುಲಭ. ಮೊದಲ ಕೆಲಸ, ಕ್ಯಾಮೆರಾವನ್ನು ಚರ್ಮದ ಕೇಸಿನಿಂದ ಹೊರಗೆ ತೆಗೆಯಿರಿ. ಹಳಬರೆಲ್ಲ ಪ್ರೀತಿಯಿಂದ ಚರ್ಮದ ಕೇಸಿನಲ್ಲೇ ಇಡುತ್ತಿದ್ದರು. ಚರ್ಮ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಬೂಷ್ಟಿಗೆ ಅದಕ್ಕಿಂತ ಒಳ್ಳೆ ಮನೆ ಇಲ್ಲ. ನಾನು ಮಾಡುವುದು ಇಷ್ಟು: ರಬ್ಬರ್ ಬೀಡಿಂಗ್ ಇರುವ ದೊಡ್ಡ ಪ್ಲಾಸ್ಟಿಕ್ ಡಬ್ಬ. ಒಳಗೆ ಬಟ್ಟೆ ಚೀಲದಲ್ಲಿ ಕಾಲು ಕೆಜಿ ಸಿಲಿಕಾ ಜೆಲ್. ಜೊತೆಗೆ ತೇವಾಂಶ ತೋರಿಸುವ ಪುಟ್ಟ ಮೀಟರ್. ಅದು 40ರಿಂದ 50ರ ನಡುವೆ ಇದ್ದರೆ ನೆಮ್ಮದಿ. ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ತನ್ನಿ, ತೇವ ಕುಡಿದು ಹಸಿರಾಗುತ್ತದೆ. ಬಿಸಿ ಮಾಡಿದರೆ ಮತ್ತೆ ಕಿತ್ತಳೆ. ನೀಲಿ ಬಣ್ಣದ್ದು ಬೇಡ, ಅದರಲ್ಲಿ ಕೋಬಾಲ್ಟ್ ಇರುತ್ತದೆ. ಯಾವುದೇ ಆದರೂ ಅಡುಗೆ ಪಾತ್ರೆಯಲ್ಲಿ ಬಿಸಿ ಮಾಡಬೇಡಿ, ಅದಕ್ಕೇ ಒಂದು ಹಳೇ ಬಾಣಲೆ ಮೀಸಲಿಡಿ. ಅಕ್ಕಿ ಡಬ್ಬದಲ್ಲಿ ಇಡುವವರೂ ಇದ್ದಾರೆ. ಅಕ್ಕಿಯ ಹಿಟ್ಟು ಲೆನ್ಸಿನ ಸಂದಿಗೆಲ್ಲ ಹೋಗುತ್ತದೆ, ಬೇಡ.

ಆಷಾಢದಲ್ಲೂ ಬಿಸಿಲು ಬಿದ್ದ ದಿನ ಕ್ಯಾಮೆರಾ ಹೊರಗೆ ತಂದು ಹತ್ತು ಫೋಟೋ ತೆಗೆಯಿರಿ. ಗಾಳಿ ಆಡುವ ಲೆನ್ಸಿಗೆ ಬೂಷ್ಟು ಸುಲಭಕ್ಕೆ ಹತ್ತುವುದಿಲ್ಲ.

ಪ್ರಶ್ನೆ: ಫ್ಲ್ಯಾಷ್ ಹಾಕಿದರೆ ಫೋಟೋದ ಒಂದು ಪಕ್ಕ ಕಪ್ಪಾಗುತ್ತದೆ. (ತುಮಕೂರು)

ಶಟರ್ ವೇಗ ಜಾಸ್ತಿ ಇಟ್ಟಿದ್ದೀರಿ. ಎಫ್3ರಲ್ಲಿ ಫ್ಲ್ಯಾಷ್ ಜೊತೆ 1/80 ದಾಟಬಾರದು. ಡಯಲ್‌ನಲ್ಲಿ ಎಕ್ಸ್ ಎಂದಿದೆ, ಅಲ್ಲಿಡಿ. ಪರದೆ ಅಡ್ಡಲಾಗಿ ಓಡುವುದರಿಂದ ಪಕ್ಕ ಮುಚ್ಚಿಹೋಗುತ್ತದೆ. ಫ್ಲ್ಯಾಷ್ ಕೂರುವ ಜಾಗವೂ ಇದರಲ್ಲಿ ಬೇರೆ, ರಿವೈಂಡ್ ಗುಬ್ಬಿಯ ಮೇಲೆ. ಮಾಮೂಲಿ ಫ್ಲ್ಯಾಷಿಗೆ ಎಎಸ್-4 ಎಂಬ ಅಡಾಪ್ಟರ್ ಬೇಕು. ರೀಲು ಬದಲಿಸುವಾಗ ಪ್ರತಿ ಸಲ ಅದನ್ನು ಬಿಚ್ಚಬೇಕು. ಈ ಕ್ಯಾಮೆರಾದಲ್ಲಿ ನನಗೆ ಇಷ್ಟವಾಗದ ಒಂದೇ ಸಂಗತಿ ಇದು. ಮದುವೆ ಕೆಲಸಕ್ಕೆ ಇದನ್ನು ಹೇಳುವುದಿಲ್ಲ.

ಪ್ರಶ್ನೆ: ರಾತ್ರಿ ಯಕ್ಷಗಾನ ಆಟದ ಫೋಟೋ ತೆಗೆದರೆ ವೇಷಧಾರಿಯ ಮುಖ ಸುಟ್ಟ ಹಾಗೆ ಬೆಳ್ಳಗಾಗುತ್ತದೆ. (ಕುಮಟಾ)

ರಂಗಸ್ಥಳದ ಮೇಲೆ ಬೆಳಕು, ಹಿಂದೆ ಗದ್ದೆಯ ಕತ್ತಲೆ. ಕ್ಯಾಮೆರಾದ ಮೀಟರಿಗೆ ಕತ್ತಲೆಯೇ ಜಾಸ್ತಿ ಕಾಣುತ್ತದೆ. 'ಬೆಳಕು ಸಾಲದು' ಎಂದು ಅದು ಶಟರನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಮುಖ ಬೆಳ್ಳಗಾಗುತ್ತದೆ.

ಎಫ್3ರ ಮೀಟರ್ ಇದಕ್ಕೇ ಮಾಡಿಸಿದ ಹಾಗಿದೆ. ವ್ಯೂಫೈಂಡರ್ ನಡುವೆ 12 ಮಿಲಿಮೀಟರಿನ ಒಂದು ವೃತ್ತ ಕಾಣುತ್ತದಲ್ವಾ? ಮೀಟರ್ ಶೇಕಡಾ 80ರಷ್ಟು ಅದರೊಳಗಿನ ಬೆಳಕನ್ನೇ ಲೆಕ್ಕ ಹಿಡಿಯುತ್ತದೆ. ಉಳಿದ ಇಡೀ ಚೌಕಟ್ಟಿಗೆ 20. ಹಾಗಾಗಿ ಆ ವೃತ್ತವನ್ನು ವೇಷದ ಮುಖ ಮತ್ತು ಎದೆಯ ಮೇಲೆ ತನ್ನಿ. ಲೆನ್ಸ್ ಪಕ್ಕದ ಮೆಮೊರಿ ಗುಂಡಿ ಒತ್ತಿ ಹಿಡಿಯಿರಿ. ಈಗ ಕ್ಯಾಮೆರಾ ಸರಿಸಿ, ನಿಮಗೆ ಬೇಕಾದ ಚೌಕಟ್ಟು ಹಿಡಿದು ಒತ್ತಿ. ದೂರ ಕೂತಿದ್ದರೆ ಆಟ ಶುರುವಾಗುವ ಮೊದಲೇ ರಂಗಸ್ಥಳದ ಹತ್ತಿರ ಹೋಗಿ. ಆ ಬೆಳಕಲ್ಲಿ ನಿಮ್ಮ ಅಂಗೈ ಹಿಡಿದು ಅಳೆಯಿರಿ. ಆ ಅಂಕಿಯನ್ನು ಮ್ಯಾನುಯಲ್‌ನಲ್ಲಿ ಇಟ್ಟುಬಿಡಿ. ರಾತ್ರಿಯಿಡೀ ಬೆಳಕು ಬದಲಾಗುವುದಿಲ್ಲ, ನೀವೂ ಬದಲಿಸಬೇಡಿ.

ರೀಲು ಐಎಸ್ಒ 400ರದ್ದು ಹಾಕಿ, ಅಂಕಿ ಹೆಚ್ಚಿದಷ್ಟೂ ಕಡಿಮೆ ಬೆಳಕು ಸಾಕು. ಅದನ್ನು 1600 ಎಂದು ಇಟ್ಟು ತೆಗೆದು, ತೊಳೆಯುವಾಗ ಎರಡು ಸ್ಟಾಪ್ ಪುಶ್ ಮಾಡಲು, ಅಂದರೆ ಹೆಚ್ಚು ಹೊತ್ತು ಡೆವಲಪ್ ಮಾಡಲು, ಹೇಳಿ. ಫೋಟೋದ ಕಾಳು (ಗ್ರೇನ್) ದಪ್ಪವಾಗುತ್ತದೆ. ಬಣ್ಣದ ವೇಷಕ್ಕೆ ಆ ಒರಟುತನ ಚೆನ್ನಾಗಿ ಒಪ್ಪುತ್ತದೆ ಎಂದು ನನ್ನ ಅನುಭವ. ಗಿರ್ರನೆ ತಿರುಗಿ ಧಿಗಿಣ ಹೊಡೆಯುವಾಗ ತೆಗೆಯಬೇಡಿ. ಧಿಗಿಣ ಮುಗಿದು ಕಾಲು ಊರುವ ಆ ಒಂದು ಕ್ಷಣ ಇದೆಯಲ್ಲ, ಅದಕ್ಕೆ ಕಾಯಿರಿ.

ಪ್ರಶ್ನೆ: ಡಿಜಿಟಲ್ ಕ್ಯಾಮೆರಾದ ಹೊಸ ನಿಕಾನ್ ಲೆನ್ಸ್ ಎಫ್3ಗೆ ಹಾಕಬಹುದಾ? (ಬೆಂಗಳೂರು)

ಲೆನ್ಸ್ ಮೇಲೆ ಅಪರ್ಚರ್ ರಿಂಗ್ ಇದ್ದರೆ ಹಾಕಬಹುದು. ಡಿ ಎಂದು ಬರೆದಿರುವ ಆಟೋಫೋಕಸ್ ಲೆನ್ಸುಗಳಲ್ಲಿ ರಿಂಗ್ ಇರುತ್ತದೆ, ಫೋಕಸ್ ಮಾತ್ರ ಕೈಯಲ್ಲೇ. 50 ಮಿಲಿಮೀಟರ್ ಎಫ್ 1.8 ಡಿ ಒಂದಿದ್ದರೆ ಸಾಕು, ವರ್ಷಗಟ್ಟಲೆ ಕಲಿಯಬಹುದು. ಜಿ ಎಂದಿರುವ ಲೆನ್ಸುಗಳಲ್ಲಿ ರಿಂಗ್ ಇಲ್ಲ. ಕೂರುತ್ತವೆ, ಆದರೆ ಯಾವಾಗಲೂ ತೀರಾ ಚಿಕ್ಕ ಅಪರ್ಚರಿನಲ್ಲೇ ಹೊಡೆಯುತ್ತವೆ. 1977ಕ್ಕಿಂತ ಹಿಂದಿನ, ಎಐ (ಅಪರ್ಚರ್ ಎಷ್ಟಿದೆ ಎಂದು ಮೀಟರಿಗೆ ತಿಳಿಸುವ ನಿಕಾನ್ ವ್ಯವಸ್ಥೆ) ಅಲ್ಲದ ಲೆನ್ಸುಗಳನ್ನೂ ಎಫ್3 ಒಪ್ಪಿಕೊಳ್ಳುತ್ತದೆ. ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಬಳೆಯ, ಅಂದರೆ ಮೌಂಟಿನ, ಅಂಚಿನ ಪುಟ್ಟ ಕೊಂಡಿಯನ್ನು ಮೇಲಕ್ಕೆ ಮಡಚಬೇಕು. ಮಡಚದೆ ಬಲವಂತ ಮಾಡಿದರೆ ಮುರಿಯುತ್ತದೆ.

ಪ್ರಶ್ನೆ: ರೀಲು, ತೊಳೆಸುವ ಖರ್ಚು ಎರಡೂ ಜಾಸ್ತಿ. ನಮ್ಮೂರಿನಲ್ಲಿ ತೊಳೆಯುವವರೂ ಇಲ್ಲ. ಮನೆಯಲ್ಲೇ ಆಗುತ್ತದಾ? (ಕಲಬುರಗಿ)

ಕಪ್ಪು ಬಿಳುಪಾದರೆ ಖಂಡಿತ ಆಗುತ್ತದೆ. ಡಾರ್ಕ್ ರೂಂ ಕೂಡ ಬೇಡ. ತೋಳು ತೂರಿಸುವ ಕಪ್ಪು ಚೀಲ, ಡೆವಲಪಿಂಗ್ ಟ್ಯಾಂಕ್, ಥರ್ಮಾಮೀಟರ್, ಚಿತ್ರ ಮೂಡಿಸುವ ಡೆವಲಪರ್, ಅದನ್ನು ಉಳಿಸುವ ಫಿಕ್ಸರ್. ಇಷ್ಟೇ ಸಾಮಾನು.

ಒಂದು ಕಾಲದಲ್ಲಿ ನಮ್ಮ ಪಕ್ಕದ ಊಟಿಯಲ್ಲೇ ಫಿಲಂ ತಯಾರಾಗುತ್ತಿತ್ತು. ಹಿಂದೂಸ್ತಾನ್ ಫೋಟೋ ಫಿಲಂಸ್ ಎಂಬ ಸರ್ಕಾರಿ ಕಾರ್ಖಾನೆ, 'ಇಂದು' ಎಂಬ ಹೆಸರು. ನಾನು ಕಲಿತದ್ದು ಆ ರೀಲಿನಲ್ಲೇ. ಈಗ ಅದು ಮುಚ್ಚಿದೆ. ಇಂಗ್ಲೆಂಡಿನ ಇಲ್ಫರ್ಡ್, ಅಮೆರಿಕದ ಕೊಡಾಕ್, ಹೀಗೆ ಹೊರಗಿನಿಂದಲೇ ಬರಬೇಕು. ಅದಕ್ಕೇ ಈ ಬೆಲೆ. ಶುರುವಿನಲ್ಲಿ ಇಲ್ಫರ್ಡ್ ಎಚ್‌ಪಿ5 ಪ್ಲಸ್ ತನ್ನಿ. ಬೆಳಕಿನ ಲೆಕ್ಕ ಸ್ವಲ್ಪ ತಪ್ಪಿದರೂ ಅದು ಕೈ ಬಿಡುವುದಿಲ್ಲ.

ಡಿ-76 ಡೆವಲಪರನ್ನು ನೀರು ಬೆರೆಸದೆ ಬಳಸಿದರೆ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ. ಮೊದಲ ಹತ್ತು ಸೆಕೆಂಡ್ ಟ್ಯಾಂಕನ್ನು ಮೆಲ್ಲಗೆ ತಲೆಕೆಳಗು ಮಾಡುತ್ತಿರಿ. ಆಮೇಲೆ ಪ್ರತಿ ನಿಮಿಷದ ಮೊದಲ ಹತ್ತು ಸೆಕೆಂಡ್. ಪ್ರತಿ ಸಲವೂ ಟ್ಯಾಂಕಿನ ತಳವನ್ನು ಮೇಜಿಗೆ ಒಮ್ಮೆ ತಟ್ಟಿ, ಗುಳ್ಳೆ ಬಿಡಲಿ. ಇಲ್ಲದಿದ್ದರೆ ಆಕಾಶದಲ್ಲಿ ದುಂಡು ಚುಕ್ಕೆ ಬರುತ್ತವೆ.

ನಿಮ್ಮೂರಿನ ಕಷ್ಟ ನೀರಿನ ಬಿಸಿ. ಏಪ್ರಿಲ್‌ನಲ್ಲಿ ಕಲಬುರಗಿಯ ನಲ್ಲಿ ನೀರು ಕೈ ಸುಡುತ್ತದೆ. ಹಿಂದಿನ ರಾತ್ರಿಯೇ ಮಣ್ಣಿನ ಮಡಕೆಯಲ್ಲಿ ನೀರು ತುಂಬಿಡಿ. ಬೆಳಿಗ್ಗೆ ಬೇಗ ಎದ್ದು ಕೆಲಸ ಮುಗಿಸಿ. ಅಗಲ ಬಾಂಡ್ಲಿಯಲ್ಲಿ ಮಡಕೆ ನೀರು ಹಾಕಿ, ಡೆವಲಪರ್ ಮತ್ತು ಫಿಕ್ಸರ್ ಬಾಟಲಿಗಳನ್ನು ಅದರಲ್ಲಿ ನಿಲ್ಲಿಸಿ. ಬೇಕಾದರೆ ಐಸ್ ತುಂಬಿದ ಪ್ಲಾಸ್ಟಿಕ್ ಚೀಲ ಇಳಿಬಿಡಿ. ಐಸನ್ನು ಡೆವಲಪರಿಗೇ ಹಾಕಬಾರದು, ತೆಳುವಾಗುತ್ತದೆ. 24 ಡಿಗ್ರಿಗೇ ನಿಂತರೂ ಪರವಾಗಿಲ್ಲ, ಸಮಯ ಕಡಿಮೆ ಮಾಡಿ. ಅದರ ಪಟ್ಟಿ ಫಿಲಂ ಕಂಪನಿಯೇ ಕೊಡುತ್ತದೆ. ಡೆವಲಪರ್, ಫಿಕ್ಸರ್, ತೊಳೆಯುವ ನೀರು, ಮೂರೂ ಹೆಚ್ಚೂಕಡಿಮೆ ಒಂದೇ ಬಿಸಿಯಲ್ಲಿ ಇರಬೇಕು, ಅದು ಮುಖ್ಯ.

ತೊಳೆದಾದ ಮೇಲೆ ಸ್ನಾನದ ಕೋಣೆಯಲ್ಲಿ ಕ್ಲಿಪ್ ಹಾಕಿ ತೂಗುಬಿಡಿ. ಫ್ಯಾನ್ ಬೇಡ, ಧೂಳು ಕೂರುತ್ತದೆ. ಮೊದಲ ಸಲ ಆ ಒದ್ದೆ ಫಿಲಂ ಬೆಳಕಿಗೆ ಹಿಡಿದು ನೋಡುವಾಗ ಮನೆಯವರನ್ನೂ ಕರೆಯಿರಿ.

ಪ್ರಶ್ನೆ: ರಜಕ್ಕೆ ಊರಿಗೆ ಬರುವಾಗ ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ರೀಲು ಹಾಳಾಗುತ್ತದಾ? (ದುಬೈ)

ಲಗೇಜಿಗೆ ಹಾಕಬೇಡಿ, ಅಲ್ಲಿಯ ಯಂತ್ರ ಬಲವಾದದ್ದು. ಕೈ ಚೀಲದಲ್ಲೇ ಇರಲಿ. ಹಳೇ ಮಾದರಿಯ ಕೈ ಚೀಲದ ಎಕ್ಸ್‌ರೇ 400ರ ರೀಲಿಗೆ ಅಷ್ಟು ತೊಂದರೆ ಮಾಡುವುದಿಲ್ಲ. ಈಗ ಬರುತ್ತಿರುವ ಸಿಟಿ ಸ್ಕ್ಯಾನರ್‌ಗಳು ಮಾಡುತ್ತವೆ. ರೀಲುಗಳನ್ನು ಪಾರದರ್ಶಕ ಚೀಲದಲ್ಲಿಟ್ಟು, ಕೈಯಲ್ಲೇ ಪರೀಕ್ಷಿಸಿ ಎಂದು ವಿನಯದಿಂದ ಕೇಳಿ. ಅದಕ್ಕೆ ಅರ್ಧ ಗಂಟೆ ಮುಂಚೆಯೇ ಹೋಗಿ. ಸಾಧ್ಯವಾದರೆ ತೆಗೆದ ರೀಲನ್ನು ಹೊರಡುವ ಮೊದಲು ಅಲ್ಲೇ ತೊಳೆಸಿಬಿಡಿ.

ಪ್ರಶ್ನೆ: ನಮ್ಮವರು ತೀರಿಕೊಂಡು ಒಂಬತ್ತು ವರ್ಷವಾಯಿತು. ಅವರ ಎಫ್3 ಮನೆಯಲ್ಲಿದೆ. ನನಗೆ ಬಳಸಲು ಬರುವುದಿಲ್ಲ, ಮಕ್ಕಳು ದೂರ ಇದ್ದಾರೆ. ಮಾರಿಬಿಡಲಾ ಎಂದು ಯೋಚನೆ. ಮೇಲೆ ಪುಟ್ಟ ಕಿಂಡಿಯಲ್ಲಿ 23ರ ಹತ್ತಿರ ನಿಂತಿದೆ. ಅದೇನು? (ತೀರ್ಥಹಳ್ಳಿ)

ಅಮ್ಮಾ, ದಯವಿಟ್ಟು ಹಿಂಬದಿ ಬಾಗಿಲು ತೆರೆಯಬೇಡಿ. ಯಾರಿಗೂ ತೆರೆಯಲು ಬಿಡಬೇಡಿ. ಅಂಗಡಿಯವರಿಗೂ.

ಆ ಕಿಂಡಿ ಕೌಂಟರ್. ಬಾಗಿಲು ತೆರೆದರೆ ಅದು ತಾನಾಗಿ ಶುರುವಿನ ಎಸ್ ಅಕ್ಷರಕ್ಕೆ ಹೋಗುತ್ತದೆ. 23ರಲ್ಲಿ ನಿಂತಿದೆ ಎಂದರೆ ಅವರು ಕೊನೆಯ ಸಲ ಬಾಗಿಲು ಮುಚ್ಚಿದ ಮೇಲೆ ಯಾರೂ ಅದನ್ನು ತೆರೆದಿಲ್ಲ. ಒಳಗೆ ಅರ್ಧ ತೆಗೆದ ರೀಲು ಇರಬಹುದು.

ಹೀಗೆ ನೋಡಿ. ಕ್ಯಾಮೆರಾದ ಎಡಗಡೆ ಮೇಲೆ ಗುಬ್ಬಿ ಇದೆ, ಅದರಲ್ಲಿ ಮಡಚಿಟ್ಟ ಚಿಕ್ಕ ಹಿಡಿಕೆ. ಗುಬ್ಬಿಯನ್ನು ಮೇಲಕ್ಕೆ ಮಾತ್ರ ಎತ್ತಬೇಡಿ, ಬಾಗಿಲು ತೆರೆಯುವುದೇ ಅದರಿಂದ. ಹಿಡಿಕೆಯನ್ನಷ್ಟೇ ಬಿಡಿಸಿ, ಬಾಣದ ದಿಕ್ಕಿಗೆ ಬಹಳ ಮೆಲ್ಲಗೆ ತಿರುಗಿಸಿ. ಸಲೀಸಾಗಿ ಸುತ್ತುತ್ತಲೇ ಹೋದರೆ ಒಳಗೆ ಏನೂ ಇಲ್ಲ. ಸ್ವಲ್ಪ ತಿರುಗಿ ಬೆರಳಿಗೆ ತಡೆ ಸಿಕ್ಕರೆ ರೀಲು ಇದೆ. ಅಲ್ಲೇ ನಿಲ್ಲಿಸಿ.

ಇದ್ದರೆ, ಕ್ಯಾಮೆರಾದ ತಳದಲ್ಲಿ ಒಂದು ಚಿಕ್ಕ ಗುಂಡಿ ಇದೆ, ಅದನ್ನು ಒತ್ತಿ. ಈಗ ಹಿಡಿಕೆಯನ್ನು ಅದೇ ದಿಕ್ಕಿಗೆ ತಿರುಗಿಸುತ್ತಾ ಹೋಗಿ. ಅವಸರ ಬೇಡ. ಹಳೇ ಫಿಲಂ ಒಣಗಿ ಗಟ್ಟಿಯಾಗಿರುತ್ತದೆ, ಎಳೆದರೆ ಹರಿಯಬಹುದು. ಕೊನೆಗೆ ಒಂದು ಸಣ್ಣ ಜಗ್ಗು ಸಿಕ್ಕಿ, ಆಮೇಲೆ ಹಿಡಿಕೆ ಹಗುರವಾಗಿ ಸುತ್ತುತ್ತದೆ. ಇನ್ನೂ ಹತ್ತು ಸುತ್ತು ಹಾಕಿ. ಆಮೇಲೆ ಬಾಗಿಲು ತೆರೆಯಬಹುದು. ಭಯವಾದರೆ ಕ್ಯಾಮೆರಾವನ್ನು ಹಾಗೇ ಇಡಿ. ಸಾಗರ ದೂರವೇನಲ್ಲ, ನಾನೇ ಬಂದು ತೆಗೆದುಕೊಡುತ್ತೇನೆ. ಸಂಪಾದಕರ ಬಳಿ ನನ್ನ ನಂಬರ್ ಕೇಳಿ ಪಡೆಯಿರಿ.

ಡಬ್ಬಿಯ ಮೇಲೆ ಏನು ಬರೆದಿದೆ ನೋಡಿ. ಸಿ-41 ಎಂದಿದ್ದರೆ ಕಲರ್ ನೆಗೆಟಿವ್. ಬಣ್ಣ ಮಾಸಿರುತ್ತದೆ, ಚಿತ್ರ ಬರುವ ಸಾಧ್ಯತೆ ಚೆನ್ನಾಗಿಯೇ ಇದೆ. ಕಪ್ಪು ಬಿಳುಪಾದರೆ ಇನ್ನೂ ಒಳ್ಳೆಯದು, ಅದು ಬಹಳ ವರ್ಷ ತಾಳುತ್ತದೆ. ಕೊಡಾಕ್ರೋಮ್ ಎಂದಿದ್ದರೆ ಅದು ಕೊಡಾಕ್ ಕಂಪನಿಯ ಕಲರ್ ಸ್ಲೈಡ್ ಫಿಲಂ, ಅದರ ಬಣ್ಣ ತೊಳೆಯುವ ವಿಧಾನ 2010ರ ಕೊನೆಗೇ ನಿಂತುಹೋಯಿತು. ಆದರೂ ಕಪ್ಪು ಬಿಳುಪಾಗಿ ತೆಗೆಯಲು ಬಲ್ಲವರಿದ್ದಾರೆ. ಯಾವುದೇ ಆದರೂ ಕೊಡುವಾಗ 'ಒಂಬತ್ತು ವರ್ಷ ಹಳೇ ರೀಲು' ಎಂದು ಚೀಟಿ ಬರೆದು ಅಂಟಿಸಿ. ಅವರು ಅದಕ್ಕೆ ತಕ್ಕ ಹಾಗೆ ತೊಳೆಯುತ್ತಾರೆ.

ಇಪ್ಪತ್ತಮೂರು ಫೋಟೋ, ಅಮ್ಮಾ. ಮಾರುವ ಮಾತು ಆಮೇಲೆ ಆಡೋಣ.